ಹಾಲು ಹಾವಾದಾಗ

‘ಹಾಲು’ ಎಂದು ಬರೆಯುವಾಗ ಒಂದಕ್ಷರ ತಪ್ಪಿದರೆ ‘ಹಾವು’ ಆದೀತು. ಆದರೆ ‘ಮನೆ’ಯನ್ನು ಧಾರವಾಡದ ಕಡೆಯವರು ‘ಮನಿ’ ಎಂದರೆ ಅರ್ಥವೇನೂ ಕೆಡುವುದಿಲ್ಲ. ನಮ್ಮ ದೇಹದ ಪ್ರೋಟೀನುಗಳ ವಿಷಯವೂ ಹೀಗೆಯೇ.

ಪ್ರೋಟೀನುಗಳ ಅಕ್ಷರಮಾಲೆಯಲ್ಲಿರುವುದು 20 ಅಮೈನೋ ಆಮ್ಲಗಳು. ಇವು ಸರಪಳಿಯ ಕೊಂಡಿಗಳಂತೆ ಜೋಡಣೆಯಾಗುತ್ತವೆ. ಆ ಸರಪಳಿ ತನ್ನದೇ ಆಕಾರಕ್ಕೆ ಮಡಚಿಕೊಂಡಾಗ ಪ್ರೋಟೀನು ಕೆಲಸಕ್ಕೆ ಸಿದ್ಧ.

ಒಂದು ಕೊಂಡಿ ಬದಲಾದರೆ? ಮನುಷ್ಯನ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿವೆ. ಹಂದಿಯ ಇನ್ಸುಲಿನ್ ಇದಕ್ಕಿಂತ ಭಿನ್ನವಾಗಿರುವುದು ಒಂದರಲ್ಲಿ ಮಾತ್ರ, ಅದೂ ಸರಪಳಿಯ ತುದಿಯಲ್ಲಿ. ಕೆಲಸಕ್ಕೆ ಅಡ್ಡಿಯಿಲ್ಲ. ಆದ್ದರಿಂದಲೇ ದಶಕಗಳ ಕಾಲ ಸಕ್ಕರೆ ಕಾಯಿಲೆಯವರು ಅದನ್ನು ಚುಚ್ಚಿಸಿಕೊಂಡು ಬದುಕಿದರು. ಇದು ‘ಮನಿ’ಯ ಮಾತು.

ಇನ್ನು ‘ಹಾವಿನ’ ಕಥೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳು, ಒಟ್ಟು 574 ಅಮೈನೋ ಆಮ್ಲಗಳು. ಇವುಗಳಲ್ಲಿ ಬೀಟಾ ಎಂಬ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕು. ಕೆಲವರಲ್ಲಿ ಅಲ್ಲಿ ವ್ಯಾಲಿನ್ ಇರುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ. ಅದು ನೀರಿನೊಡನೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ಎಣ್ಣೆಯಂತೆ ನೀರಿನಿಂದ ದೂರ. ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಈ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ ಅಣುವಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಣುಗಳು ಸಾಲುಗಟ್ಟಿ ಹಗ್ಗಗಳಾಗುತ್ತವೆ. ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾಗದ ನೋವು ತರುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10–20 ದಿನಗಳಲ್ಲೇ ನಾಶವಾಗಿ ರಕ್ತಹೀನತೆ ಉಂಟಾಗುತ್ತದೆ.

ಕೇಂಬ್ರಿಜ್‌ನ ವರ್ನನ್ ಇಂಗ್ರಾಂ ಈ ತಪ್ಪನ್ನು ಪತ್ತೆ ಹಚ್ಚಿದ್ದು 1956–57ರಲ್ಲಿ. ಎರಡೂ ಬಗೆಯ ಹಿಮೋಗ್ಲೋಬಿನ್‌ಗಳನ್ನು ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಕಾಗದದ ಮೇಲೆ ಹರಡಿ ಹೋಲಿಸಿದಾಗ ಒಂದೇ ಒಂದು ತುಂಡು ಬೇರೆ ಕಡೆ ನಿಂತಿತ್ತು!

ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರಲ್ಲೂ ಈ ಕುಡುಗೋಲು ಕಣ ರೋಗವಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಬಂದರೆ ಸಾಮಾನ್ಯವಾಗಿ ರೋಗ ಕಾಣಿಸದು. ತೀವ್ರ ಮಲೇರಿಯದಿಂದ ರಕ್ಷಣೆಯೂ ಉಂಟು. ಮಲೇರಿಯ ಕಾಡಿದ ನಾಡುಗಳಲ್ಲಿ ಈ ಜೀನ್ ಉಳಿದುಬಂದುದು ಹೀಗೆ. ಇಬ್ಬರಿಂದಲೂ ಬಂದರೆ ಮಾತ್ರ ಕಷ್ಟ. ಇಂಥ ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು ಪಾಲು.

ವಾಹಕರು ಯಾರೆಂಬುದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ರೋಗವಿರುವ ಕುಟುಂಬಗಳು ಮದುವೆಗೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಅಂಥ ಮನೆಯ ಮಗು ಮೇಲಿಂದ ಮೇಲೆ ಕೈಕಾಲು ನೋವೆಂದು ಅತ್ತರೆ, ಶಾಲೆ ತಪ್ಪಿಸುವ ನೆಪವೆಂದು ಗದರದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ತಪ್ಪಿರುವುದು ಮಗುವಿನಲ್ಲಲ್ಲ, ಒಂದೇ ಒಂದು ಕೊಂಡಿಯಲ್ಲಿ.