ಚಾಲೂ ಆಗದ ಕಂಪ್ಯೂಟರಿಗೂ ಒಂದು ಪಾಠಯೋಜನೆ ಬೇಕು

ಅಭ್ಯಾಸ ಬೋಧನೆಯ ವಿಜ್ಞಾನ ಪಾಠಗಳಲ್ಲಿ ನಾವು ತೋರಿಸುವ ಪ್ರಯೋಗಗಳೆಲ್ಲ ಯಶಸ್ವಿಯಾಗುತ್ತವೆ. ಆಗದೆ ಉಪಾಯವಿಲ್ಲ. ಹಿಂದಿನ ದಿನ ಸಂಜೆಯೇ ಸೆಲ್ಲು, ಬಲ್ಬು, ತಂತಿ ಎಲ್ಲವನ್ನೂ ಜೋಡಿಸಿ ನೋಡಿ, ಉರಿದ ಬಲ್ಬನ್ನೇ ತರಗತಿಗೆ ಒಯ್ಯುತ್ತೇವೆ. ವೀಕ್ಷಕರು ಕೊನೆಯ ಬೆಂಚಿನಲ್ಲಿ ಕುಳಿತಿರುವಾಗ ಬಲ್ಬು ಉರಿಯದಿದ್ದರೆ ಅದು ಪ್ರಶಿಕ್ಷಣಾರ್ಥಿಯ ಸಿದ್ಧತೆಯ ಕೊರತೆ ಎಂದೇ ಲೆಕ್ಕ. ಇದರ ಫಲವಾಗಿ ನಮ್ಮ ಮಕ್ಕಳು ಕೆಲಸ ಮಾಡುವ ಉಪಕರಣಗಳನ್ನು ಮಾತ್ರ ನೋಡುತ್ತಾರೆ. ಉಪಕರಣ ನಿಂತಾಗ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಹುಡುಕುವುದನ್ನು ಯಾವ ತರಗತಿಯಲ್ಲೂ ನೋಡುವುದಿಲ್ಲ.

ಈ ಕೊರತೆಗೆ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರು ಒಳ್ಳೆಯ ಬೋಧನೋಪಕರಣ ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಚಾಲೂ ಆಗದಿರುವ ಕಂಪ್ಯೂಟರು.

ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ತುಕ್ಕಾನಟ್ಟಿಯಲ್ಲಿ ನಮ್ಮ ಸೋದರಮಾವನ ಮನೆಯಿದೆ. ಅವರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಒಂದು ಡೆಸ್ಕ್‌ಟಾಪ್ ಇದೆ. ವಿಂಡೋಸ್ 7, ತಲಾ 1 ಜಿಬಿಯ ಎರಡು ರ‍್ಯಾಮ್. ಕಬ್ಬಿನ ಲೆಕ್ಕ, ನುಡಿಯಲ್ಲಿ ಬರೆದ ಅರ್ಜಿಗಳು, ಮನೆಯ ಮದುವೆಗಳ ಫೋಟೊಗಳು ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಅದು ಚಾಲೂ ಆಗುವುದನ್ನು ನಿಲ್ಲಿಸಿತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ, "ಫಾರ್ಮ್ಯಾಟ್ ಮಾಡಬೇಕು."

ಈ ಒಂದು ಮಾತನ್ನು ಬಿಡಿಸಿ ನೋಡುವುದೇ 40 ನಿಮಿಷದ ಒಂದು ಪಾಠ. ಗುಂಡಿ ಒತ್ತಿದಾಗ ಕಂಪ್ಯೂಟರಿನಲ್ಲಿ ನಡೆಯುವುದೆಲ್ಲ ಒಂದು ಸರದಿಯಲ್ಲಿ ನಡೆಯುತ್ತದೆ. ಮೊದಲು ಎಸ್‌ಎಂಪಿಎಸ್ ಎಂಬ ಡಬ್ಬಿ ಗೋಡೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಮಾಡಿ, ಎಲ್ಲ ಸರಿಯಿದೆ ಎಂದು ಮದರ್‌ಬೋರ್ಡಿಗೆ ಸೂಚನೆ ಕೊಡುತ್ತದೆ. ಆಮೇಲೆ ಪ್ರೊಸೆಸರು ಬೋರ್ಡಿನ ಮೇಲಿನ ಚಿಪ್ಪಿನಲ್ಲಿರುವ ಬಯಾಸ್ ಎಂಬ ಚಿಕ್ಕ ತಂತ್ರಾಂಶವನ್ನು ಓದಲು ಶುರುಮಾಡುತ್ತದೆ. ಬಯಾಸ್ ತನ್ನ ಮನೆಯನ್ನೇ ಮೊದಲು ಪರೀಕ್ಷಿಸುತ್ತದೆ: ರ‍್ಯಾಮ್ ಇದೆಯೇ, ಚಿತ್ರ ತೋರಿಸುವ ವ್ಯವಸ್ಥೆ ಇದೆಯೇ, ಕೀಲಿಮಣೆ ಇದೆಯೇ. ಈ ಸ್ವಯಂಪರೀಕ್ಷೆ ಮುಗಿದ ಮೇಲಷ್ಟೇ ಹಾರ್ಡ್‌ಡಿಸ್ಕಿನ ಕಡೆ ತಿರುಗಿ, ಅದರ ಮೊದಲ 512 ಬೈಟುಗಳನ್ನು ಓದಿ, ಅಲ್ಲಿಂದ ವಿಂಡೋಸನ್ನು ಎಬ್ಬಿಸುತ್ತದೆ.

ಮಾವನ ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಒಂದು ಅಕ್ಷರವೂ ಮೂಡಿರಲಿಲ್ಲ. ಅಂದರೆ ಸರದಿ ಇನ್ನೂ ಹಾರ್ಡ್‌ಡಿಸ್ಕಿನವರೆಗೆ ಬಂದಿರುವ ಸಂಭವವೇ ಕಡಿಮೆ. ಡಿಸ್ಕನ್ನು ಅಳಿಸಿ ಹೊಸ ವಿಂಡೋಸ್ ಹಾಕುವುದೆಂದರೆ ಕಾಲುವೆಗೆ ನೀರೇ ಬಿಟ್ಟಿಲ್ಲದಾಗ ಹೊಲದ ಬದು ಕೆದರಿದಂತೆ. ಫೋಟೊಗಳು ಹೋಗುತ್ತಿದ್ದವು, ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಇದನ್ನು ತಿಳಿಯಲು ಇಂಜಿನಿಯರಿಂಗ್ ಬೇಕಿಲ್ಲ, ಸರದಿ ಗೊತ್ತಿದ್ದರೆ 9ನೇ ತರಗತಿಯ ಹುಡುಗಿ ಹೇಳುತ್ತಾಳೆ. ಹೇಳಿದಳು ಕೂಡ. ಮಾವನ ಮಗಳು 9ನೇ ತರಗತಿ, ಅವಳ ತಮ್ಮ 7ನೇ ತರಗತಿ. ಇಬ್ಬರನ್ನೂ ಕೂರಿಸಿಕೊಂಡೇ ನಾವು ಡಬ್ಬಿ ಬಿಚ್ಚಿದೆವು.

ಇಲ್ಲಿ ರಬ್ಬರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ವಾದದ ತಿರುಳು ಅಲ್ಲಿದೆ. ಪರದೆ ಬರದಿದ್ದರೆ ರ‍್ಯಾಮ್ ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮನೆಮದ್ದು. ಬಹಳ ಸಲ ಕೆಲಸವೂ ಆಗುತ್ತದೆ. ಆದರೆ ವಾಸಿ ಮಾಡಿದ್ದು ಉಜ್ಜಿದ್ದೋ, ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದ್ದೋ? ಎರಡನ್ನೂ ಒಟ್ಟಿಗೆ ಮಾಡಿದವರಿಗೆ ಅದು ಎಂದಿಗೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕು ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ, ಆ ವಾಕ್ಯಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ನನಗೆ ಸಿಕ್ಕಿಲ್ಲ.

ಆದ್ದರಿಂದ ಹಂತಹಂತವಾಗಿ ಹೋದೆವು. ಮೊದಲು ಪ್ಲಗ್ಗು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿ ನೋಡಿದ್ದು. ಬದಲಾವಣೆ ಇಲ್ಲ. ಪ್ಲಗ್ಗು ಕಿತ್ತು, ಒಂದು ರ‍್ಯಾಮನ್ನು ಪೂರ್ತಿ ತೆಗೆದಿಟ್ಟು ಉಳಿದದ್ದರಿಂದ ನೋಡಿದ್ದು. ಕಪ್ಪೇ. ಆ ಉಳಿದದ್ದನ್ನು ತೆಗೆದು, ಉಜ್ಜದೆ, ಅದೇ ಜಾಗದಲ್ಲಿ ಕ್ಲಿಪ್ಪು ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿದ್ದು. ಪರದೆಯಲ್ಲಿ ಕಂಪನಿಯ ಚಿಹ್ನೆ ಮೂಡಿತು. ಎರಡನೆಯದನ್ನೂ ಕೂರಿಸಿದೆವು, ಆಗಲೂ ಬಂತು. ಹುಡುಗಿ ಪ್ರತಿ ಹಂತವನ್ನೂ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಮಾಡಿ ಬರೆದಿದ್ದಳು: ಏನು ಬದಲಿಸಿದೆವು, ಏನು ನಿರೀಕ್ಷಿಸಿದೆವು, ಏನಾಯಿತು. ತಮ್ಮ ಕೇಳಿದ, "ಪ್ಲಗ್ಗು ಕಿತ್ತಿದ್ದಕ್ಕೇ ಸರಿಯಾಗಿರಬಹುದಲ್ಲ?" ಅಕ್ಕ ನೋಟ್‌ಬುಕ್ಕಿನ ಮೊದಲ ಸಾಲನ್ನು ತೋರಿಸಿದಳು. ಪ್ಲಗ್ಗು ಮಾತ್ರ ಕಿತ್ತಾಗ ಏನೂ ಆಗಿರಲಿಲ್ಲ. ನಿಯಂತ್ರಿತ ಪ್ರಯೋಗ ಎಂಬ ಶಬ್ದವನ್ನು ಆಗ ಯಾರೂ ಬಳಸಲಿಲ್ಲ, ಬಳಸುವ ಅಗತ್ಯವೂ ಬೀಳಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈಗ ಪರದೆಯ ಮೇಲೆ ಬೇರೊಂದು ತಕರಾರು: ಗಡಿಯಾರ ತಪ್ಪಿದೆ, ಮುಂದುವರಿಯಲು ಎಫ್1 ಒತ್ತಿ. ದಿನಾಂಕ 2009ಕ್ಕೆ ಹೋಗಿತ್ತು. ವಿಂಡೋಸ್ ತೆರೆದುಕೊಂಡಿತು, ಆದರೆ ಇಂಟರ್ನೆಟ್ಟಿನ ಪುಟಗಳು ಸುರಕ್ಷತೆಯ ಎಚ್ಚರಿಕೆ ಕೊಟ್ಟು ನಿಂತವು. ಈ ಜಾಲತಾಣ ನಂಬಿಕೆಗೆ ಅರ್ಹ ಎಂದು ಹೇಳುವ ಪ್ರಮಾಣಪತ್ರಕ್ಕೆ ಇಂದಿನಿಂದ ಇಂದಿನವರೆಗೆ ಎಂಬ ಅವಧಿ ಇರುತ್ತದೆ. 2009ರಲ್ಲಿ ಕುಳಿತ ಕಂಪ್ಯೂಟರಿಗೆ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ಕಾರಣ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲು. ಕಂಪ್ಯೂಟರು ಆಫ್ ಆಗಿದ್ದಾಗಲೂ ಗಡಿಯಾರವನ್ನೂ ಬಯಾಸಿನ ಆಯ್ಕೆಗಳನ್ನೂ ಜೀವಂತ ಇಡುವುದು ಅದೇ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಆರ್ ಅಂದರೆ ದುಂಡಗಿನದು, 20 ಅಂದರೆ 20 ಮಿಲಿಮೀಟರ್ ವ್ಯಾಸ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಸ್ಕೇಲು ಹಿಡಿದು ಅಳೆದರೆ ಹೆಸರೇ ಅಳತೆಯಾಗಿರುವುದು ಮಕ್ಕಳಿಗೆ ಕಾಣುತ್ತದೆ. ಅದು 3 ವೋಲ್ಟಿನ ಲಿಥಿಯಂ ಸೆಲ್ಲು. ಮಲ್ಟಿಮೀಟರಿನಲ್ಲಿ 2.1 ತೋರಿಸಿತು. ಹೊಸದು ಹಾಕಿ, ದಿನಾಂಕ ತಿದ್ದಿದ ಮೇಲೆ ಎರಡು ತಕರಾರುಗಳೂ ಹೋದವು.

ಇಷ್ಟು ಸಣ್ಣ ಕೆಲಸದಲ್ಲಿ ನಾವು ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಬರೆಯುವ ಉತ್ತರವೇ ಅಡಗಿದೆ. ಜಾನ್ ಡ್ಯೂಯಿ 1910ರ 'ಹೌ ವಿ ಥಿಂಕ್' ಪುಸ್ತಕದಲ್ಲಿ ಚಿಂತನೆಯ ಐದು ಹಂತ ಹೇಳುತ್ತಾರೆ: ತೊಡಕು ಎದುರಾಗುವುದು, ತೊಡಕು ಎಲ್ಲಿದೆ ಎಂದು ಗುರುತಿಸುವುದು, ಪರಿಹಾರ ಊಹಿಸುವುದು, ಊಹೆಯ ಪರಿಣಾಮಗಳನ್ನು ತರ್ಕಿಸುವುದು, ನೋಡಿ ಒಪ್ಪುವುದು ಅಥವಾ ಬಿಡುವುದು. ನಮ್ಮ ಪಾಠಗಳು ಎರಡನೆಯ ಹಂತವನ್ನು ಹಾರಿಸಿಬಿಡುತ್ತವೆ. ಸಮಸ್ಯೆಯನ್ನು ಶಿಕ್ಷಕರೇ ಗುರುತಿಸಿ, ಒಂದು ವಾಕ್ಯ ಮಾಡಿ, ಹಲಗೆಯ ಮೇಲೆ ಬರೆದುಕೊಡುತ್ತೇವೆ. 5ಇ ಮಾದರಿಯಲ್ಲಿ ಬರೆದ ಪಾಠಯೋಜನೆಯಲ್ಲೂ 'ಅನ್ವೇಷಣೆ' ಎಂಬ ಕಾಲಮ್ಮಿನ ಕೆಳಗೆ ಚಟುವಟಿಕೆ ಮೊದಲೇ ನಿರ್ಧಾರವಾಗಿರುತ್ತದೆ, ಉತ್ತರವೂ ಪಕ್ಕದ ಕಾಲಮ್ಮಿನಲ್ಲಿ ಇರುತ್ತದೆ.

ಪೂರ್ವಜ್ಞಾನ ಎಲ್ಲಿಂದ ತರುವುದು ಎಂದು ಕೇಳಬಹುದು. ತುಕ್ಕಾನಟ್ಟಿಯಂಥ ಊರಲ್ಲಿ ಅದಕ್ಕೆ ಬರವಿಲ್ಲ. ಪಂಪ್‌ಸೆಟ್ಟು ನೀರೆತ್ತದಿದ್ದರೆ ರೈತ "ಮೋಟರ್ ಕೆಟ್ಟಿತು" ಎಂದು ಕೂರುವುದಿಲ್ಲ. ಮೂರೂ ಫೇಸ್ ಇದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡುತ್ತಾನೆ, ಫ್ಯೂಸು ನೋಡುತ್ತಾನೆ, ಸ್ಟಾರ್ಟರ್ ಹಿಡಿಯುತ್ತದೆಯೇ ನೋಡುತ್ತಾನೆ. ಮೋಟರ್ ತಿರುಗಿಯೂ ನೀರು ಬರದಿದ್ದರೆ ಪೈಪಿಗೆ ನೀರು ತುಂಬಿಸಿ, ಫುಟ್‌ವಾಲ್ವ್ ಸೋರುತ್ತಿದೆಯೇ ಎಂದು ಯೋಚಿಸುತ್ತಾನೆ. ಇದನ್ನು ದಿನವೂ ನೋಡುವ ಮಕ್ಕಳು ಶಾಲೆಯ ಕಂಪ್ಯೂಟರಿನ ಮುಂದೆ ಮಾತ್ರ "ಸರ್, ಕೆಟ್ಟಿದೆ" ಎಂದು ಕೈಕಟ್ಟಿ ನಿಲ್ಲುತ್ತಾರೆ. ನಾವು ಶಿಕ್ಷಕರೂ ಹಾಗೆಯೇ ನಿಲ್ಲುವುದನ್ನು ಅವರು ನೋಡಿರುತ್ತಾರೆ.

ಆಕ್ಷೇಪಗಳಿವೆ. ಮೊದಲನೆಯದು ಸುರಕ್ಷತೆ, ಅದು ನ್ಯಾಯವಾದದ್ದು. ಪ್ಲಗ್ಗು ಕೀಳದೆ ಡಬ್ಬಿಯೊಳಗೆ ಕೈ ಹಾಕಬಾರದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾರೂ, ಶಿಕ್ಷಕರೂ, ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಎರಡನೆಯದು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಹಳೆಯ ಡೆಸ್ಕ್‌ಟಾಪ್ ಯಾರಿಗೆ ಬೇಕು ಎಂಬುದು. ಮೊಬೈಲನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಡೆಸ್ಕ್‌ಟಾಪನ್ನು ಒಂದು ಸ್ಕ್ರೂಡ್ರೈವರಿನಿಂದ ತೆರೆಯಬಹುದು. ನಮಗೆ ಬೇಕಿರುವುದು ತೆರೆಯಬಹುದಾದ ಯಂತ್ರ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಅದರಲ್ಲಿ ಬ್ಯಾಂಕಿನ ಕೆಲಸ ಬೇಡ ಎಂದು ಮಾವನಿಗೂ ಹೇಳಿದ್ದೇನೆ. ಪಾಠಕ್ಕೆ ಅದರಿಂದ ತೊಂದರೆಯಿಲ್ಲ.

ಮೂರನೆಯ ಆಕ್ಷೇಪ ನಮ್ಮೊಳಗಿನದು: ದೋಷ ಸಿಗದೆ ಗಂಟೆ ಹೊಡೆದರೆ ಅಂಕ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ಕೊಡಬೇಕಾದವರು ಮಾರ್ಗದರ್ಶಕ ಉಪನ್ಯಾಸಕರು. ನಮ್ಮ ವೀಕ್ಷಣಾ ನಮೂನೆಯಲ್ಲಿ ವಿಷಯ ಪ್ರವೇಶ, ಪ್ರಶ್ನಿಸುವಿಕೆ, ಕಪ್ಪುಹಲಗೆ ಬಳಕೆ, ಪುನರ್ಬಲನ ಎಲ್ಲಕ್ಕೂ ಸ್ಥಳವಿದೆ. 'ಅನಿರೀಕ್ಷಿತ ವೈಫಲ್ಯವನ್ನು ಮಕ್ಕಳೊಂದಿಗೆ ಪರಿಶೀಲಿಸಿದ ರೀತಿ' ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕು, ಪ್ರಶಿಕ್ಷಣಾರ್ಥಿಗಳು ಉರಿಯದ ಬಲ್ಬನ್ನು ಬಚ್ಚಿಡುವುದನ್ನು ಬಿಡುತ್ತಾರೆ. ಪ್ರತಿಯೊಬ್ಬರೂ ಇಂಟರ್ನ್‌ಶಿಪ್ ಅವಧಿಯಲ್ಲಿ ಒಂದಾದರೂ ಪಾಠವನ್ನು ಬೇಕೆಂದೇ ಕೆಡಿಸಿದ ಉಪಕರಣದಿಂದ ಮಾಡಲಿ ಎಂಬುದು ನನ್ನ ಸಲಹೆ. ಕಂಪ್ಯೂಟರು ಸಿಗದಿದ್ದರೆ ಹೊದಿಕೆಯೊಳಗೆ ತುಂಡಾದ ತಂತಿ, ತಿರುಗಿಸಿ ಹಾಕಿದ ಸೆಲ್ಲು, ಎಳೆ ಸುಟ್ಟ ಬಲ್ಬು, ಇವುಗಳಲ್ಲಿ ಒಂದನ್ನು ಸೇರಿಸಿದ ವಿದ್ಯುನ್ಮಂಡಲವೂ ನಡೆಯುತ್ತದೆ.

ಕಂಪ್ಯೂಟರಿನಿಂದ ತೆಗೆದ ಸತ್ತ ಸೆಲ್ಲನ್ನು ಎಸೆಯಬೇಡಿ. ಹೊಸದರ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಮಲ್ಟಿಮೀಟರಿಗಷ್ಟೇ ಕಾಣುತ್ತದೆ. 9ನೇ ತರಗತಿಗೆ ಆ ಎರಡು ಸೆಲ್ಲುಗಳನ್ನು ಕೊಟ್ಟು ಯಾವುದು ಸತ್ತಿದೆ ಎಂದು ಕೇಳಿ. ಬಳಸಿದ ಮೇಲೆ ಎಣಿಸಿ ಮುಚ್ಚಳದ ಡಬ್ಬಿಯಲ್ಲಿಡಿ. ಚಿಕ್ಕ ಮಕ್ಕಳು ನುಂಗಿದರೆ ಸತ್ತ ಸೆಲ್ಲೂ ಅನ್ನನಾಳವನ್ನು ಸುಡುತ್ತದೆ.