ಅಜ್ಜಿ ಸಾಕಿದ ಮಗುವಿಗೆ 18ಕ್ಕೇ ಬಾಗಿಲು ಬಂದ್ ಏಕೆ?

ಅಪ್ಪ-ಅವ್ವ ಇಬ್ಬರೂ ಇಲ್ಲದ ಮಗುವನ್ನು ನಮ್ಮ ಕಕ್ಕೇರಾದಲ್ಲಿ ಸಾಕುವವರು ಯಾರು? ಅಜ್ಜಿ, ಮುತ್ಯಾ, ಸೋದರಮಾವ. ಕಾನೂನೂ ಇದನ್ನೇ ಒಪ್ಪುತ್ತದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಕುಟುಂಬವೇ ಮೊದಲು, ಬಾಲಮಂದಿರ ಕೊನೆಯ ದಾರಿ. ಸಾಕುವ ಸಂಬಂಧಿಕರು ಬಡವರಾಗಿದ್ದರೆ 'ಮಿಷನ್ ವಾತ್ಸಲ್ಯ'ದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಪಡೆಯಲು ಅವಕಾಶವಿದೆ.

ಆದರೆ 18 ತುಂಬಿದರೆ ಅದೂ ನಿಂತಿತು. ಬಾಲಮಂದಿರದಿಂದ ಹೊರಬರುವವರಿಗೆ ಅದೇ ಕಾಯ್ದೆಯ 46ನೇ ಕಲಂ ಇದೆ, ಮುಂದೆಯೂ ನೆರವು ಕೊಡಬಹುದು. ಅಜ್ಜಿ ಮನೆಯಲ್ಲಿ ಬೆಳೆದವರಿಗೆ ಅದು ಇಲ್ಲ. ಕೋವಿಡ್‌ನಲ್ಲಿ ಇಬ್ಬರನ್ನೂ ಕಳೆದುಕೊಂಡವರಿಗೆ 'ಪಿಎಂ ಕೇರ್ಸ್' ಯೋಜನೆಯಲ್ಲಿ 23ನೇ ವಯಸ್ಸಿಗೆ 10 ಲಕ್ಷ ರೂಪಾಯಿ. ಕೊಡಲಿ, ಸಂತೋಷ. ಅದೇ ಓಣಿಯಲ್ಲಿ ಅಪಘಾತಕ್ಕೆ ಅಪ್ಪ-ಅವ್ವನನ್ನು ಕಳೆದುಕೊಂಡವನಿಗೆ? ಅನಾಥರಲ್ಲೂ ಮೇಲು-ಕೀಳೇ?

"ದುಡಿಯೋ ವಯಸ್ಸಾಯ್ತಲ್ಲ" ಎನ್ನುವವರೇ, ನಿಮ್ಮ ಮಗನನ್ನು 18ಕ್ಕೆ ಕೈಬಿಟ್ಟಿದ್ದೀರಾ? ನೆರವಿಲ್ಲದ ಹುಡುಗ ಐಟಿಐ ಬಿಟ್ಟು ಬೆಂಗಳೂರಿನ ಗಾರೆ ಕೆಲಸಕ್ಕೆ ಬಸ್ ಹತ್ತುತ್ತಾನೆ.

ಸುರಪುರದ ಶಾಸಕರು ಇದನ್ನು ಸದನದಲ್ಲಿ ಎತ್ತಲಿ. ಸಂಬಂಧಿಕರು ಸಾಕಿದವರಿಗೂ ಬಾಲಮಂದಿರದ ಮಕ್ಕಳಂತೆ 21ರವರೆಗೆ ನೆರವು ಬೇಕು. ನಿಮ್ಮ ಓಣಿಯಲ್ಲಿ ಅಂಥ ಮಗು ಇದ್ದರೆ ಇಂದೇ 1098ಕ್ಕೆ ಫೋನ್ ಮಾಡಿ, ಪ್ರಾಯೋಜಕತ್ವ ಕೇಳಿ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು.