ಹವಳ ಹೂಗುಚ್ಛವಲ್ಲ

ತುಟಿಯನ್ನು ಹೊಗಳುವ ಕವಿಗೆ ಹವಳ ಬೇಕು. ಸರ ಪೋಣಿಸುವ ಅಕ್ಕಸಾಲಿಗನಿಗೆ ಬೇಕು. ಕುಜದೋಷ ಹೇಳುವ ಜ್ಯೋತಿಷಿಗಂತೂ ಬೇಕೇ ಬೇಕು. ಆದರೆ ಅದು ಪ್ರಾಣಿ ಎಂಬ ಸಂಗತಿ ಇವರಲ್ಲಿ ಯಾರಿಗೂ ಬೇಡ. ಹದಿನೆಂಟನೇ ಶತಮಾನದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ, ಹವಳದ ಮೇಲೆ ಅರಳುವುದು ಹೂವಲ್ಲ, ಜೀವಿ ಎಂದು ಹೇಳಿದಾಗ ಅಂದಿನ ವಿದ್ವಾಂಸರು ನಂಬಲಿಲ್ಲ. ಮನೆಯಲ್ಲಿ ಕಡಲ ಅಕ್ವೇರಿಯಂ ಇಟ್ಟ ನಮ್ಮಲ್ಲಿ ಅನೇಕರು ಇವತ್ತಿಗೂ ನಂಬಿಲ್ಲ ಎಂಬುದು ನನ್ನ ತಕರಾರು.

ಉಂಗುರದ ಕೆಂಪು ಹವಳಕ್ಕೂ ಗಾಜಿನ ತೊಟ್ಟಿಯಲ್ಲಿ ಅಣಬೆಯಂತೆ ನಿಲ್ಲುವ ಮೆದು ಹವಳಕ್ಕೂ ಹತ್ತಿರದ ನಂಟಿದೆ. ಎರಡರ ಪಾಲಿಪ್‌ಗಳಿಗೂ ಎಂಟೆಂಟು ತೋಳು. ಮೆದು ಹವಳಗಳಲ್ಲಿ 'ಲೆದರ್' ಎಂದು ಕರೆಯುವ ಜಾತಿಯೊಂದಿದೆ. ಅದು ಆಗಾಗ ತೋಳುಗಳನ್ನೆಲ್ಲ ಒಳಗೆಳೆದುಕೊಂಡು ಮೈಮೇಲೆ ಮೇಣದಂಥ ಪೊರೆ ಹೊದ್ದು ದಿನಗಟ್ಟಲೆ ಮುದುಡಿ ಕೂರುತ್ತದೆ. ಆಮೇಲೆ ಹಾವಿನಂತೆ ಪೊರೆ ಕಳಚಿ ಮತ್ತೆ ಅರಳುತ್ತದೆ. ಅದು ಕಾಯಿಲೆಯಲ್ಲ, ಅದರ ಸ್ವಭಾವ. ಆದರೆ ಮಾಲೀಕನಿಗೆ ಮೂರನೇ ದಿನಕ್ಕೇ ತಾಳ್ಮೆ ತಪ್ಪುತ್ತದೆ. 'ಏನಾದರೂ ಹಾಕಿ' ಎಂದು ಅಂಗಡಿಗೆ ಓಡುತ್ತಾನೆ. ಬಾಟಲಿ ತರುತ್ತಾನೆ, ದೀಪ ಹೆಚ್ಚಿಸುತ್ತಾನೆ, ಕಲ್ಲನ್ನು ಅತ್ತಿಂದಿತ್ತ ಸರಿಸುತ್ತಾನೆ. ಮೀನಿನ ರೋಗಕ್ಕೆಂದು ತಂದ ತಾಮ್ರದ ಔಷಧಿಯನ್ನು ಸುರಿದರಂತೂ ಹವಳದ ಕಥೆ ಅಲ್ಲಿಗೇ ಮುಗಿಯಿತು.

ಹವಳ ನಿಜವಾಗಿಯೂ ಸೊರಗುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದ್ದು ನೀರನ್ನು. ಒಂದು ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪಿದೆಯೇ? ಉಷ್ಣತೆ 24ರಿಂದ 26 ಡಿಗ್ರಿಯ ಆಸುಪಾಸಿನಲ್ಲಿದೆಯೇ? ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆರಿದಷ್ಟಕ್ಕೆ ಮತ್ತೆ ಉಪ್ಪುನೀರನ್ನೇ ತುಂಬಿದವನು ತೊಟ್ಟಿಯನ್ನು ಉಪ್ಪಿನಕಾಯಿ ಜಾಡಿ ಮಾಡುತ್ತಿರುತ್ತಾನೆ. ತುಂಬಬೇಕಾದ್ದು ಶುದ್ಧೀಕರಿಸಿದ ಸಿಹಿನೀರು. ಹಾಗೆಂದು ಕೆಟ್ಟಿದ್ದನ್ನು ಒಂದೇ ದಿನದಲ್ಲಿ ಸರಿಪಡಿಸಲೂ ಹೋಗಬಾರದು. ದಿಢೀರ್ ಬದಲಾವಣೆಯೂ ಏಟೇ. ಅದೇ ಉಷ್ಣತೆ, ಸರಿಯಾದ ಉಪ್ಪಿನಂಶ ಇರುವ ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಮೆದು ಹವಳಗಳು ನೆರೆಯವರ ಮೇಲೆ ವಿಷ ಬಿಟ್ಟು ಜಗಳವಾಡುತ್ತವೆ. ಅದನ್ನು ಹೀರಲು ಹೊಸ ಇದ್ದಿಲು ಬೇಕು. ಪೊರೆ ಕಳಚಿ ಹೋಗುವಷ್ಟು ನೀರಿನ ಹರಿವು ಬೇಕು. ಒಂದು ಭಾಗ ಕೊಳೆತು ಕರಗುತ್ತಿದ್ದರೆ ಕೈಗವಸು ತೊಟ್ಟು, ತೊಟ್ಟಿಯ ಹೊರಗಿಟ್ಟು, ಹರಿತವಾದ ಬ್ಲೇಡಿನಿಂದ ಆ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಉಳಿದ ಆರೋಗ್ಯವಂತ ತುಂಡನ್ನು ಕಲ್ಲಿಗೆ ಸಡಿಲವಾಗಿ ಕಟ್ಟಿದರೆ ಅದು ಮತ್ತೆ ಬೆಳೆಯಬಲ್ಲದು. ಆಮೇಲೆ ಮಾಡಬೇಕಾದ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು: ವಾರಗಟ್ಟಲೆ ಕೈ ಹಾಕದೆ ಇರುವುದು.

ಇಷ್ಟೆಲ್ಲ ಯಾಕೆ, ಹೋದರೆ ಹೋಯ್ತು, ಇನ್ನೊಂದು ತಂದರಾಯ್ತು ಎನ್ನುವವರಿದ್ದಾರೆ. ನನ್ನ ನಿಜವಾದ ಜಗಳ ಇವರೊಂದಿಗೆ. ಹಳೆಯದನ್ನು ಕೊಂದ ನೀರು ಹೊಸದನ್ನು ಸಾಕುತ್ತದೆಯೇ? ಹೂಗುಚ್ಛ ಬಾಡಿದರೆ ಬದಲಿಸಬಹುದು. ಇಂಡೋನೇಷ್ಯಾದಂಥ ದೇಶದ ಕಡಲಿನಿಂದ ಕಿತ್ತು, ಚೀಲದಲ್ಲಿ ತುಂಬಿ, ವಿಮಾನ ಹತ್ತಿಸಿ ಕಳಿಸಿದ ಜೀವ ಹೂಗುಚ್ಛವಲ್ಲ. ನಮ್ಮದೇ ದೇಶದಲ್ಲಿ ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಲಾಯಿತು. ಹುಲಿ ಸತ್ತರೆ ಇನ್ನೊಂದು ತರೋಣ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ಸಾಕುವುದನ್ನೇ ಬಿಡಬೇಕೇ? ಇನ್ನೂ ಶುರು ಮಾಡದವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಈಗಾಗಲೇ ತೊಟ್ಟಿಯಲ್ಲಿರುವುದನ್ನು ಪುಣ್ಯ ಬರಲೆಂದು ಸಮುದ್ರಕ್ಕೆ ಬಿಡುವಂತಿಲ್ಲ. ವೆನೆಜುವೆಲಾದ ಕರಾವಳಿಯಲ್ಲಿ ದೂರದ ಕಡಲಿನ ಮೆದು ಹವಳವೊಂದು ಹಬ್ಬಿ ಅಲ್ಲಿಯ ಹವಳಗಳನ್ನೇ ಮುಚ್ಚುತ್ತಿದೆ. ಅಕ್ವೇರಿಯಂ ವ್ಯಾಪಾರದ ಮೂಲಕವೇ ಅದು ಬಂದಿರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಮನೆಗೆ ತಂದವರು ಮನೆಯಲ್ಲೇ ಬದುಕಿಸಬೇಕು, ಬೇರೆ ದಾರಿಯಿಲ್ಲ. ಕಡಲುಗಳೇ ಕಾದು ಹವಳದ ದಿಬ್ಬಗಳು ಬಿಳಿಚಿಕೊಳ್ಳುತ್ತಿರುವಾಗ ನಿಮ್ಮದೊಂದು ತುಂಡಿನಿಂದ ಏನಾಗುತ್ತದೆ ಎಂದೂ ಕೇಳಬಹುದು. ಕಡಲಿಗೆ ಏನೂ ಆಗದಿರಬಹುದು. ಆದರೆ ಆ ತುಂಡಿಗೆ ಇರುವುದು ಅದೊಂದೇ ಜೀವ, ಅದನ್ನು ತಂದಿಟ್ಟವರು ನಾವು.

ಮುದುಡಿದ ಹವಳದ ಮುಂದೆ ಹತ್ತು ದಿನ ಸುಮ್ಮನೆ ಕೂರಲಾಗದವರು ದಯವಿಟ್ಟು ಜೀವಂತ ಹವಳ ತರಬೇಡಿ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ಬಣ್ಣ ಚೆನ್ನಾಗಿರುತ್ತದೆ, ಯಾವಾಗಲೂ ಅರಳಿಯೇ ಇರುತ್ತದೆ, ಸಾಯುವುದಂತೂ ಇಲ್ಲ.